ಅಮೆರಿಕದ ರಾಜಕೀಯವನ್ನು ಕೀರ್ದಿ ಓದಿದಂತೆ ಓದುವುದು ಹೇಗೆ

ಅಮೆರಿಕದ ಸುದ್ದಿ ನಮಗೆ ಬರೀ ಮುಖಗಳಾಗಿ ಬರುತ್ತದೆ. ಟ್ರಂಪ್ ಏನೋ ಅಂದರು, ಮಸ್ಕ್ ಇನ್ನೇನೋ ಬರೆದರು, ಅದಕ್ಕೆ ಯಾರೋ ಸೆನೆಟರ್ ಸಿಟ್ಟಾದರು. ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಎರಡು ಗುಂಪಾಗಿ ಜಗಳ ಆಡಲು ಇಷ್ಟು ಸಾಕು. ಆದರೆ ನಮ್ಮ ಹತ್ತಿಯ ರೇಟು ಯಾಕೆ ಹೀಗಾಯಿತು ಅಂತ ಕೇಳಿದರೆ ಈ ಮುಖಗಳಲ್ಲಿ ಉತ್ತರ ಸಿಗುವುದಿಲ್ಲ.

ನಾನು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ದಿವಾನಜಿ ಆಗಿದ್ದವನು. ಹತ್ತಿ, ಮೆಣಸಿನಕಾಯಿ, ಶೇಂಗಾ, ಎಲ್ಲದರ ಲೆಕ್ಕ ಬರೆದಿದ್ದೇನೆ. ಸಂಜೆ ಹೊತ್ತು ಹಮಾಲರ ಸಂಘದ ಲೆಕ್ಕವನ್ನೂ ಬಿಟ್ಟಿ ಬರೆದುಕೊಡುತ್ತಿದ್ದೆ. ರಾಜಕೀಯದಲ್ಲಿ ನಾನು ಎಡಪಂಥದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಯಾವ ಕಡೆ ವಾಲುತ್ತೇನೆ ಅಂತ ಗೊತ್ತಿದ್ದರೆ ನನ್ನ ಲೆಕ್ಕವನ್ನು ನೀವೇ ತಾಳೆ ನೋಡಬಹುದು. ಹಾಗೆ ನೋಡಲು ಬೇಕಾದ ಕಾಗದಗಳೆಲ್ಲ ಅಮೆರಿಕದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಫೋನು, ಒಂದು ನೋಟ್‌ಬುಕ್, ಅರ್ಧ ದಿನದ ಪುರುಸೊತ್ತು, ಇಷ್ಟಿದ್ದರೆ ಗದಗದಲ್ಲಿ ಕೂತು ವಾಷಿಂಗ್ಟನ್ನಿನ ಲೆಕ್ಕ ಓದಬಹುದು.

ಕೀರ್ದಿ ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ. ಅದನ್ನು ಓದುವವನು ಕೇಳುವ ಪ್ರಶ್ನೆ ಒಂದೇ. ಯಾರ ಖಾತೆಗೆ ಜಮಾ ಆಯಿತು, ಯಾರ ಖಾತೆಯಿಂದ ಖರ್ಚು ಬಿತ್ತು? ಭಾಷಣ ಆಮೇಲೆ.

ಮೊದಲು ಒಂದು ಸರಕು ಹಿಡಿಯಿರಿ

"ಅಮೆರಿಕದ ರಾಜಕೀಯ" ಅಂತ ಶುರು ಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ. ನಿಮ್ಮ ಕೈಗೆ ತಾಗುವ ಒಂದು ಸರಕು ಅಥವಾ ಒಂದು ಕಂಪನಿ ಆರಿಸಿಕೊಳ್ಳಿ. ಕಿರಾಣಿ ಅಂಗಡಿಯವರಾದರೆ ವಾಲ್‌ಮಾರ್ಟ್ ಹಿಡಿಯಬಹುದು. 2018ರಲ್ಲಿ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77 ಪಾಲು ತೆಗೆದುಕೊಂಡ ಕಂಪನಿ ಅದು. ಮನೆಯಲ್ಲಿ ಯಾರಾದರೂ ಸಾಫ್ಟ್‌ವೇರಿನಲ್ಲಿದ್ದರೆ ಅಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾ ಹಿಡಿಯಿರಿ. ನಾನು ಹಿಡಿದದ್ದು ಹತ್ತಿ.

ಹತ್ತಿಗೆ ಒಂದು ಹಳೆಯ ಕಾರಣವೂ ಇದೆ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಗುಲಾಮರಿಂದ ಹತ್ತಿ ಬೆಳೆಸುತ್ತಿದ್ದ ದಕ್ಷಿಣದ ಸೀಮೆಯಿಂದ ಬಂದವರು ಅವರು. ಅಮೆರಿಕದ ಬೀಜ ಹಿಂದುಸ್ಥಾನದ ಬಹಳ ಕಡೆ ಬರಲಿಲ್ಲ. ನಮ್ಮ ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ನ್ಯೂ ಆರ್ಲಿಯನ್ಸ್ ತಳಿ ಹಿಡಿಯಿತು. "ಧಾರವಾಡ-ಅಮೆರಿಕನ್" ಅನ್ನುವ ಹೆಸರಿನಲ್ಲೇ ಆ ಅರಳೆ ಪೇಟೆಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಅವರ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಇಲ್ಲಿ ರೇಟು ಏರಿತು. ಯುದ್ಧ ಮುಗಿಯಿತು, ರೇಟು ಬಿತ್ತು. ಏರಿದಾಗ ಯಾರು ಉಂಡರು, ಬಿದ್ದಾಗ ಯಾರು ಸಾಲಗಾರರಾದರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ನೇರ 2025ಕ್ಕೆ ಬನ್ನಿ. ಆಗಸ್ಟಿನಲ್ಲಿ ಟ್ರಂಪ್ ಸರಕಾರ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿತು. ಅದೇ ತಿಂಗಳು 19ರಿಂದ ನಮ್ಮ ಕೇಂದ್ರ ಸರಕಾರ ಹೊರಗಿನ ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ಬಟ್ಟೆ ಗಿರಣಿಯವರು ಖುಷಿಪಟ್ಟರು, ರೈತ ಸಂಘಟನೆಗಳು ವಿರೋಧಿಸಿದವು. ನಮ್ಮಲ್ಲಿ ಹೊಸ ಹತ್ತಿ ಪೇಟೆಗೆ ಬರುವುದೂ ಅದೇ ತಿಂಗಳುಗಳಲ್ಲಿ. ಈ ಗಂಟು ಬಿಚ್ಚಬೇಕಾದರೆ ಅಲ್ಲಿಯ ಹತ್ತಿಯ ಹಿಂದೆ ಯಾರಿದ್ದಾರೆ ಅಂತ ನೋಡಲೇಬೇಕು.

ಯಾರ ಕೈಯಲ್ಲಿ ಕೀಲಿ ಇದೆ

ಇದನ್ನು ಬೇಗ ಮುಗಿಸೋಣ. ಅವರ ಸಂಸತ್ತಿಗೆ ಎರಡು ಮನೆ. ಕೆಳಮನೆಯಲ್ಲಿ 435 ಜನ, ಸೆನೆಟ್‌ನಲ್ಲಿ 100. ಪ್ರತಿ ರಾಜ್ಯಕ್ಕೂ ಇಬ್ಬರೇ ಸೆನೆಟರುಗಳು. ನಾಲ್ಕು ಕೋಟಿಯ ಹತ್ತಿರ ಜನ ಇರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ಆರು ಲಕ್ಷವೂ ದಾಟದ ವಯೋಮಿಂಗಿಗೂ ಇಬ್ಬರು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ತರಬೇಕಾದರೆ 60 ಜನರ ಒಪ್ಪಿಗೆ ಬೇಕು. ಬಜೆಟ್ಟಿಗೆ ಸೇರಿದ್ದು ಅಂತ ತೋರಿಸಿದರೆ ಮಾತ್ರ ಅರ್ಧಕ್ಕಿಂತ ಒಂದು ಜಾಸ್ತಿ ಸಾಕು. ಹಾಗಾಗಿ ಜನರಿಗೆ ಬೇಕಾದ ಕಾನೂನು ತಡೆಯುವುದು ಸುಲಭ, ತರುವುದು ಕಷ್ಟ. ಈಗಿರುವ ವ್ಯವಸ್ಥೆಯಿಂದ ಲಾಭ ಇರುವವರಿಗೆ ತಡೆಯುವುದಷ್ಟೇ ಸಾಕಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಅಧ್ಯಕ್ಷರ ಹೆಸರಿಗಿಂತ ಮೊದಲು ಸಮಿತಿಯ ಹೆಸರು ಬರೆಯಿರಿ. ಹತ್ತಿಯ ವಿಷಯಕ್ಕೆ ಎರಡೂ ಮನೆಗಳ ಕೃಷಿ ಸಮಿತಿಗಳು. ಅದರ ಸದಸ್ಯರು ಯಾರು, ಯಾವ ರಾಜ್ಯದವರು ಅಂತ ಪಟ್ಟಿ ಮಾಡಿಕೊಳ್ಳಿ. ಮುಂದೆ ದೇಣಿಗೆ ಹುಡುಕುವಾಗ ಈ ಹೆಸರುಗಳೇ ಬೇಕಾಗುವುದು.

ಇನ್ನೊಂದು ಮಾತು. ಡೆಮಾಕ್ರಟ್ ಅಂದರೆ ಎಡ, ರಿಪಬ್ಲಿಕನ್ ಅಂದರೆ ಬಲ ಅಂತ ನಮ್ಮ ಟಿವಿಯವರು ಸುಮ್ನೆ ಹಂಚಿಬಿಡುತ್ತಾರೆ. ಕೀರ್ದಿ ಹಾಗೆ ಹೇಳುವುದಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದದ ಕಾನೂನಿಗೆ 1993ರಲ್ಲಿ ಸಹಿ ಹಾಕಿದ್ದು ಡೆಮಾಕ್ರಟ್ ಕ್ಲಿಂಟನ್. ಠೇವಣಿ ಬ್ಯಾಂಕು ಬೇರೆ, ಸಟ್ಟಾ ಆಡುವ ಬ್ಯಾಂಕು ಬೇರೆ ಇರಬೇಕು ಅಂತ 1933ರಲ್ಲಿ ಹಾಕಿದ್ದ ಗೋಡೆಯನ್ನು 1999ರಲ್ಲಿ ಕೆಡವಿದ ಕಾನೂನಿಗೂ ಅವರದೇ ಸಹಿ. 2008ರಲ್ಲಿ ಬ್ಯಾಂಕುಗಳಿಗಾಗಿ 70,000 ಕೋಟಿ ಡಾಲರಿನ ಯೋಜನೆ ತಂದದ್ದು ರಿಪಬ್ಲಿಕನ್ ಬುಷ್, ಮುಂದುವರಿಸಿದ್ದು ಡೆಮಾಕ್ರಟ್ ಒಬಾಮ. ಅಲ್ಲಿಯ ಎಡದವರು ಬೇರೆಯೇ ಒಂದು ಸಣ್ಣ ಗುಂಪು. ಸ್ವತಂತ್ರವಾಗಿ ಗೆದ್ದು ಬರುವ ವರ್ಮಾಂಟಿನ ಬರ್ನಿ ಸ್ಯಾಂಡರ್ಸ್, 2025ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೇಯರ್ ಆಗಿ ಗೆದ್ದ ಜೊಹ್ರಾನ್ ಮಮ್ದಾನಿ, ಸಿಯಾಟಲ್ ನಗರಸಭೆಯಲ್ಲಿ ತಾಸಿಗೆ 15 ಡಾಲರ್ ಕೂಲಿಗಾಗಿ ಗುದ್ದಾಡಿದ ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್, ಈ ಥರದವರು. ಇವರಲ್ಲೂ ತಮ್ಮತಮ್ಮಲ್ಲೇ ಜಗಳ ಇದೆ. ಎಡದವರು ಅಂದಮೇಲೆ ಅದು ಇದ್ದದ್ದೇ.

ದೇಣಿಗೆಯ ಖಾತೆ

ಈಗ ಕೆಲಸಕ್ಕೆ ಇಳಿಯೋಣ. ಅಮೆರಿಕದ ಫೆಡರಲ್ ಚುನಾವಣಾ ಆಯೋಗ ಅಂದರೆ ಎಫ್‌ಇಸಿ. ಅದರ ಜಾಲತಾಣದಲ್ಲಿ ದೇಣಿಗೆಯ ಹುಡುಕಾಟ ಇದೆ. ಒಬ್ಬ ಅಭ್ಯರ್ಥಿಗೆ 200 ಡಾಲರಿಗಿಂತ ಜಾಸ್ತಿ ಕೊಟ್ಟವರ ಹೆಸರು, ಊರು, ಉದ್ಯೋಗ, ಕೆಲಸ ಮಾಡುವ ಕಂಪನಿ ಎಲ್ಲ ಅಲ್ಲಿರುತ್ತದೆ. ಕಂಪನಿಯ ಹೆಸರು ಹಾಕಿಯೂ ಹುಡುಕಬಹುದು. ಕಣ್ಣಿಗೆ ಜಾಸ್ತಿ ತ್ರಾಸು ಬೇಡ ಅನ್ನುವವರು ಓಪನ್ ಸೀಕ್ರೆಟ್ಸ್ ಅನ್ನುವ ಸಂಸ್ಥೆಯ ತಾಣಕ್ಕೆ ಹೋಗಬಹುದು. ಎಫ್‌ಇಸಿಯ ಕಾಗದಗಳನ್ನೇ ಅವರು ಉದ್ಯಮದ ಪ್ರಕಾರ ಕೂಡಿಸಿ ಇಟ್ಟಿದ್ದಾರೆ.

ವಾಟ್ಸಾಪಿನಲ್ಲಿ ಸುಳ್ಳು ಹುಟ್ಟುವುದು ಇಲ್ಲಿಯೇ. "ಇಂಥ ಕಂಪನಿ ಇಂಥ ಅಭ್ಯರ್ಥಿಗೆ ಇಷ್ಟು ಕೊಟ್ಟಿತು" ಅಂತ ಬಂದರೆ ತಕ್ಷಣ ನಂಬಬೇಡಿ. ಕಂಪನಿ ತನ್ನ ಗಲ್ಲಾದಿಂದ ಅಭ್ಯರ್ಥಿಗೆ ನೇರವಾಗಿ ದುಡ್ಡು ಕೊಡುವುದನ್ನು 1907ರಲ್ಲೇ ನಿಷೇಧಿಸಿದ್ದಾರೆ. ಹಾಗೆ ಬರುವ ಸಂಖ್ಯೆ ಹೆಚ್ಚಾಗಿ ಎರಡರ ಮೊತ್ತ. ಒಂದು, ಆ ಕಂಪನಿಯಲ್ಲಿ ದುಡಿಯುವವರು ತಾವಾಗಿ ಕೊಟ್ಟದ್ದು. ಎರಡು, ಕಂಪನಿಯ ಹೆಸರಿನ ಪ್ಯಾಕ್, ಅಂದರೆ ನೌಕರರು ಮತ್ತು ಅಧಿಕಾರಿಗಳಿಂದ ವಂತಿಗೆ ಎತ್ತುವ ಸಮಿತಿ. ದೊಡ್ಡ ಪ್ಯಾಕ್ ಕೂಡ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರಿಗಿಂತ ಜಾಸ್ತಿ ಕೊಡುವಂತಿಲ್ಲ. ಒಬ್ಬ ಸಾಫ್ಟ್‌ವೇರ್ ಹುಡುಗಿ ಸ್ಯಾಂಡರ್ಸ್‌ಗೆ ಕೊಟ್ಟ 250 ಡಾಲರನ್ನು ಅವಳ ಕಂಪನಿಯ ಖಾತೆಗೆ ಬರೆದು, "ನೋಡಿ, ಸ್ಯಾಂಡರ್ಸ್ ಕೂಡ ಕಂಪನಿಯ ದುಡ್ಡು ತಿಂದರು" ಅನ್ನುವವರಿದ್ದಾರೆ. ಯಾವ ದಿವಾನಜಿಯೂ ಹಾಗೆ ಖತಾವಣಿ ಮಾಡುವುದಿಲ್ಲ.

ನಿಜವಾದ ದೊಡ್ಡ ದುಡ್ಡು ಬೇರೆ ಬಾಗಿಲಿನಿಂದ ಬರುತ್ತದೆ. 2010ರ ಜನವರಿ 21ರಂದು ಅವರ ಸುಪ್ರೀಂ ಕೋರ್ಟು ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಅಭ್ಯರ್ಥಿಗೆ ನೇರ ಕೊಡದೆ, ಹೊರಗಿನಿಂದ "ಸ್ವತಂತ್ರವಾಗಿ" ಪ್ರಚಾರಕ್ಕೆ ಎಷ್ಟು ಬೇಕಾದರೂ ಸುರಿಯಲು ಕಂಪನಿಗಳಿಗೆ ಹಕ್ಕಿದೆ ಅಂದಿತು. ಅದೇ ವರ್ಷ ಇನ್ನೊಂದು ಕೋರ್ಟಿನ ತೀರ್ಪಿನಿಂದ ಸೂಪರ್ ಪ್ಯಾಕ್‌ಗಳು ಹುಟ್ಟಿದವು, ಅಂದರೆ ಹೀಗೆ ಹೊರಗಿನಿಂದ ಸುರಿಯಲು ದುಡ್ಡು ಕೂಡಿಸುವ ಸಮಿತಿಗಳು. ಅವಕ್ಕೆ ಮಿತಿಯೇ ಇಲ್ಲ. 2024ರ ಚುನಾವಣೆಯಲ್ಲಿ ಇಲಾನ್ ಮಸ್ಕ್ ಒಬ್ಬರೇ ರಿಪಬ್ಲಿಕನ್ನರಿಗಾಗಿ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಇದು ಬರೀ ರಿಪಬ್ಲಿಕನ್ನರ ರೋಗ ಅಂತ ತಿಳಿಯಬೇಡಿ. ಅಧ್ಯಕ್ಷರ ಚುನಾವಣೆಗೆ ಡೆಮಾಕ್ರಟ್ ಪಕ್ಷದ ಟಿಕೆಟ್ ಬೇಕು ಅಂತ 2020ರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ತಮ್ಮ ಸ್ವಂತ ದುಡ್ಡು 100 ಕೋಟಿ ಡಾಲರಿಗೂ ಮೇಲೆ ಖರ್ಚು ಮಾಡಿದರು. ಟಿಕೆಟ್ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಸೂಪರ್ ಪ್ಯಾಕ್‌ನ ಕಾಗದದಲ್ಲಿ ಕೊಟ್ಟವರ ಹೆಸರಿನ ಜಾಗದಲ್ಲಿ ಒಮ್ಮೊಮ್ಮೆ ಯಾವುದೋ "ಸಮಾಜ ಕಲ್ಯಾಣ" ಸಂಸ್ಥೆಯ ಹೆಸರಿರುತ್ತದೆ. ಆ ಸಂಸ್ಥೆಗೆ ಯಾರು ಕೊಟ್ಟರು ಅಂತ ಹೇಳಬೇಕಾದ ಕಟ್ಟಳೆ ಇಲ್ಲ. ನಿಮ್ಮ ಜಾಡು ಅಲ್ಲಿಗೆ ನಿಲ್ಲುತ್ತದೆ. ನೋಟ್‌ಬುಕ್ಕಿನಲ್ಲಿ "ಇಲ್ಲಿಂದ ಮುಂದೆ ಕಾಣುವುದಿಲ್ಲ" ಅಂತ ಬರೆಯಿರಿ. ಊಹೆ ಮಾಡಿ ಒಂದು ಹೆಸರು ತುಂಬಬೇಡಿ. ನಮ್ಮವರು ಕೆಲವರು ಇಂಥ ಖಾಲಿ ಜಾಗ ಕಂಡರೆ ಕೂಡಲೇ ಒಬ್ಬ ಯಹೂದಿ ಶ್ರೀಮಂತನ ಹೆಸರು ತುಂಬುತ್ತಾರೆ. ಅದು ಎಡಪಂಥ ಅಲ್ಲ, ಕೊಳಕು.

ಲಾಬಿಯ ಖಾತೆ ಇನ್ನೂ ಸ್ವಾರಸ್ಯ

ಚುನಾವಣೆ ಎರಡು ವರ್ಷಕ್ಕೊಮ್ಮೆ. ಲಾಬಿ, ಅಂದರೆ ತಮಗೆ ಬೇಕಾದ ಕಾನೂನಿಗಾಗಿ ಸಂಸತ್ತಿನವರ, ಅಧಿಕಾರಿಗಳ ಬೆನ್ನು ಹತ್ತುವುದು, ದಿನಾ. ಅಲ್ಲಿ ಲಾಬಿಗೆ ವರ್ಷಕ್ಕೆ 400 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ. ಬಹುತೇಕ ವರ್ಷ ಮೇಲಿನ ಸಾಲಿನಲ್ಲಿ ಕಾಣುವ ಹೆಸರು ಕಂಪನಿಗಳ ಸಂಘವಾದ ಯುಎಸ್ ಚೇಂಬರ್ ಆಫ್ ಕಾಮರ್ಸ್.

1995ರ ಕಾನೂನಿನ ಪ್ರಕಾರ ಲಾಬಿ ಮಾಡುವವರು ವರದಿ ಕೊಡಬೇಕು. ಈಗ ಅದು ಮೂರು ತಿಂಗಳಿಗೊಮ್ಮೆ. ತ್ರೈಮಾಸಿಕ ಮುಗಿದ 20 ದಿನದೊಳಗೆ ವರದಿ ಹಾಕಬೇಕು. ಸೆನೆಟ್‌ನ ಲಾಬಿ ದಾಖಲೆಯ ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಫಾರ್ಮು ಕಣ್ಣಮುಂದೆ ಬರುತ್ತದೆ. ನನಗೆ ಈ ಫಾರ್ಮು ಭಾಳ ಇಷ್ಟ. ಅದರಲ್ಲಿ ಮೂರು ಕಡೆ ಬೆರಳಿಡಿ.

ಮೊದಲು ಮೊತ್ತ. ಆಮೇಲೆ ಯಾವ ವಿಷಯಕ್ಕೆ ಲಾಬಿ ಮಾಡಿದರು ಅನ್ನುವ ಜಾಗ. ಅಲ್ಲಿ ಮಸೂದೆಯ ನಂಬರೇ ಇರುತ್ತದೆ. ಆ ನಂಬರನ್ನು ಅವರ ಸಂಸತ್ತಿನ ತಾಣದಲ್ಲಿ ಹಾಕಿದರೆ ಪೂರ್ತಿ ಮಸೂದೆ, ಯಾರು ಮಂಡಿಸಿದರು, ಯಾರು ಹೇಗೆ ಮತ ಹಾಕಿದರು ಎಲ್ಲ ಬಿಚ್ಚಿಕೊಳ್ಳುತ್ತದೆ. ಮೂರನೆಯದು ಲಾಬಿ ಮಾಡಿದ ಮನುಷ್ಯರ ಹೆಸರು. ಹೆಸರಿನ ಪಕ್ಕದಲ್ಲಿ ಅವರು ಹಿಂದೆ ಸರಕಾರದಲ್ಲಿ ಯಾವ ಹುದ್ದೆಯಲ್ಲಿದ್ದರು ಅಂತ ಬರೆಯಬೇಕು. ನಿನ್ನೆ ಕೃಷಿ ಸಮಿತಿಯ ಕಚೇರಿಯಲ್ಲಿ ಮಸೂದೆ ಬರೆಯುತ್ತಿದ್ದವರು ಇವತ್ತು ಅದೇ ಸಮಿತಿಯ ಬಾಗಿಲಲ್ಲಿ ಕಂಪನಿಯ ಪರವಾಗಿ ನಿಂತಿರುತ್ತಾರೆ. ಲಂಚ ಅಲ್ಲ, ಕಳ್ಳತನ ಅಲ್ಲ, ಎಲ್ಲ ಕಾನೂನುಬದ್ಧ. ಕೆಟ್ಟ ಜನ ಅಧಿಕಾರಕ್ಕೆ ಬಂದರು ಅಂತ ಅಳುವುದಕ್ಕಿಂತ, ಒಳ್ಳೆಯವರು ಬಂದರೂ ಇದೇ ಆಗುವಂಥ ಕಟ್ಟಳೆ ಯಾವುದು ಅಂತ ಹುಡುಕುವುದು ಎಡದವರ ಓದು. ನಾನು ಹಿಡಿದ ದಾರಿ ಅದು.

ಒಂದು ಅಡ್ಡ ಮಾತು. ಇದನ್ನೆಲ್ಲ ಓದಿ "ಅಮೆರಿಕ ಎಷ್ಟು ಕೆಟ್ಟದ್ದು" ಅಂತ ಎದೆಯುಬ್ಬಿಸುವ ಮುಂಚೆ ನಮ್ಮ ಕಡೆ ನೋಡಿ. ನಮ್ಮಲ್ಲಿ ಲಾಬಿಯ ವರದಿ ಕೊಡಿಸುವ ಇಂಥ ಕಾನೂನೇ ಇಲ್ಲ. ಚುನಾವಣಾ ಬಾಂಡುಗಳಲ್ಲಿ ಯಾರು ಯಾರಿಗೆ ಕೊಟ್ಟರು ಅಂತ ಗೊತ್ತಾಗಲು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನೇ ರದ್ದು ಮಾಡಬೇಕಾಯಿತು. ಅಲ್ಲಿಯ ಕೀರ್ದಿ ತೆರೆದಿದೆ, ತಪ್ಪು ಅದರೊಳಗಿದೆ. ನಮ್ಮ ಕೀರ್ದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಹತ್ತಿಯ ಲೆಕ್ಕ ಮಾಡಿ ತೋರಿಸುತ್ತೇನೆ

ಅಮೆರಿಕದ ಹತ್ತಿ ಉದ್ಯಮದ ದೊಡ್ಡ ಸಂಘ ನ್ಯಾಷನಲ್ ಕಾಟನ್ ಕೌನ್ಸಿಲ್. ಟೆನೆಸಿ ರಾಜ್ಯದ ಮೆಂಫಿಸ್ ಕಡೆಯದು. ಬೆಳೆಗಾರರಿಂದ ಹಿಡಿದು ಜಿನ್ನಿಂಗ್‌ನವರು, ವ್ಯಾಪಾರಿಗಳು, ಗಿರಣಿಯವರವರೆಗೆ ಎಲ್ಲರೂ ಒಂದೇ ಚಪ್ಪರದಡಿ. ಕೃಷಿ ಕಾನೂನು ಬಂದಾಗಲೆಲ್ಲ ಇವರ ಹೆಸರು ಬರುತ್ತದೆ.

2002ರಲ್ಲಿ ಬ್ರೆಜಿಲ್ ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಅಮೆರಿಕ ತನ್ನ ಹತ್ತಿಗೆ ಕೊಡುವ ಸಬ್ಸಿಡಿಯಿಂದ ಜಗತ್ತಿನ ರೇಟು ಬೀಳುತ್ತಿದೆ ಅನ್ನುವುದು ದೂರು. ಬ್ರೆಜಿಲ್ ಗೆದ್ದಿತು, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಅನ್ನುವ ಆಫ್ರಿಕಾದ ಬಡ ದೇಶಗಳೂ 2003ರಲ್ಲಿ ಇದೇ ಮಾತು ಎತ್ತಿದ್ದವು. ಅಮೆರಿಕ ಏನು ಮಾಡಿತು? 2010ರಲ್ಲಿ ಬ್ರೆಜಿಲಿನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಕೊಟ್ಟು ಜಗಳ ಮುಗಿಸಿತು. ಅಂದರೆ ತನ್ನ ದೊಡ್ಡ ಬೆಳೆಗಾರರ ಸಬ್ಸಿಡಿ ಮುಟ್ಟುವ ಬದಲು, ತನ್ನ ತೆರಿಗೆದಾರರ ದುಡ್ಡಿನಲ್ಲಿ ಬ್ರೆಜಿಲಿನ ಬೆಳೆಗಾರರನ್ನೂ ಸುಮ್ಮನಾಗಿಸಿತು. ಆಫ್ರಿಕಾದವರಿಗೆ ಅಂಥ ನಿಧಿ ಸಿಗಲಿಲ್ಲ. ಎದುರೇಟು ಹಾಕುವಷ್ಟು ದೊಡ್ಡ ಪೇಟೆ ಅವರ ಕೈಯಲ್ಲಿ ಇರಲಿಲ್ಲವಲ್ಲ.

ಈಗ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನು ನೋಡಿ. ಬಜೆಟ್ ದಾರಿಯಿಂದ ಬಂದದ್ದು, ಹಾಗಾಗಿ 60 ಬೇಕಾಗಲಿಲ್ಲ. ಸೆನೆಟ್‌ನಲ್ಲಿ 50ಕ್ಕೆ 50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಅವರ ಒಂದು ಮತದಿಂದ ಪಾಸಾಯಿತು. ಇದರಲ್ಲಿ ಬಿಡಿಸದ ಹತ್ತಿಗೆ, ಅಂದರೆ ಬೀಜ ಸಮೇತದ ಅರಳೆಗೆ, ಆಧಾರ ಬೆಲೆಯನ್ನು ಪೌಂಡಿಗೆ 36.7 ಸೆಂಟಿನಿಂದ 42 ಸೆಂಟಿಗೆ ಏರಿಸಿದರು. ಪೇಟೆಯ ರೇಟು ಅದಕ್ಕಿಂತ ಕೆಳಗಿದ್ದರೆ ಸರಕಾರ ವ್ಯತ್ಯಾಸ ತುಂಬುತ್ತದೆ.

ಕ್ವಿಂಟಲಿಗೆ ಎಷ್ಟಾಯಿತು? ಒಂದು ಕ್ವಿಂಟಲಿಗೆ ಸುಮಾರು 220.5 ಪೌಂಡು. 42 ಸೆಂಟಿನಿಂದ ಗುಣಿಸಿದರೆ 92.6 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 7,870 ರೂಪಾಯಿ. 2025-26ಕ್ಕೆ ನಮ್ಮ ಬೆಂಬಲ ಬೆಲೆ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110. ಈ ಲೆಕ್ಕ ಮಾಡಿದಾಗ ನನಗೇ ಆಶ್ಚರ್ಯವಾಯಿತು. ಕಾಗದದ ಮೇಲೆ ಎರಡೂ ಹತ್ತಿರ ಹತ್ತಿರ!

ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮ ರೈತ ಬೆಂಬಲ ಬೆಲೆ ಬೇಕಾದರೆ ಖರೀದಿ ಕೇಂದ್ರ ತೆರೆಯುವವರೆಗೆ ಕಾಯಬೇಕು, ತೇವಾಂಶ ಅಂತ ತಿರಸ್ಕರಿಸಿದರೆ ವಾಪಸು ಗಾಡಿ ತುಂಬಬೇಕು. ಸಾಲಗಾರ ಬಾಗಿಲಲ್ಲಿದ್ದರೆ ಬಂದ ರೇಟಿಗೆ ಕೊಡುತ್ತಾನೆ. ಆ ಪಟ್ಟಿಗಳನ್ನು ಬರೆದವನು ನಾನೇ. ಅಲ್ಲಿಯ ರೈತ ಪೇಟೆಯಲ್ಲಿ ಮಾರಿಕೊಳ್ಳುತ್ತಾನೆ, ವ್ಯತ್ಯಾಸದ ದುಡ್ಡು ಎಕರೆ ಲೆಕ್ಕದಲ್ಲಿ ಅವನ ಖಾತೆಗೆ ಬರುತ್ತದೆ. ಎಕರೆ ಅಂದರೆ ಹಳೆಯ ದಾಖಲೆಯಲ್ಲಿರುವ ಎಕರೆ; ಆ ವರ್ಷ ಅಲ್ಲಿ ಹತ್ತಿಯನ್ನೇ ಬಿತ್ತಿರಬೇಕು ಅಂತಿಲ್ಲ. ಎಕರೆ ಜಾಸ್ತಿ ಇದ್ದವನಿಗೆ ದುಡ್ಡು ಜಾಸ್ತಿ. ಒಬ್ಬ ವ್ಯಕ್ತಿಗೆ ವರ್ಷಕ್ಕೆ ಇದ್ದ 1,25,000 ಡಾಲರಿನ ಮಿತಿಯನ್ನೂ ಇದೇ ಕಾನೂನು 1,55,000ಕ್ಕೆ ಏರಿಸಿತು. ನಮ್ಮ ದುಡ್ಡಿನಲ್ಲಿ ಸುಮಾರು 1 ಕೋಟಿ 32 ಲಕ್ಷ.

ಅದೇ ಕಾನೂನಿನ ಇನ್ನೊಂದು ಪುಟ ತಿರುವಿ. ಬಡವರಿಗೆ ರೇಷನ್ ಕೊಡುವ ಸ್ನ್ಯಾಪ್ ಯೋಜನೆಗೂ, ಬಡವರ ಆಸ್ಪತ್ರೆ ಖರ್ಚು ನೋಡುವ ಮೆಡಿಕೇಡ್‌ಗೂ ಕತ್ತರಿ ಬಿದ್ದಿದೆ. ಒಂದೇ ಪುಸ್ತಕ, ಎಡಗಡೆ ಜಮಾ, ಬಲಗಡೆ ಖರ್ಚು. ಟಿವಿಯಲ್ಲಿ ಇವೆರಡನ್ನೂ ಒಟ್ಟಿಗೆ ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ಯಾವ ಊರಿನಲ್ಲಿ ಯಾರಿಗೆ ಎಷ್ಟು ಸಬ್ಸಿಡಿ ಹೋಯಿತು ಅಂತ ನೋಡಲು ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನುವ ಸಂಸ್ಥೆಯ ಪಟ್ಟಿ ಇದೆ. ಟೆಕ್ಸಾಸಿನ ಲಬಕ್ ಸುತ್ತಮುತ್ತ ಹತ್ತಿ ಸೀಮೆ. ಅಲ್ಲಿಂದ ಶುರು ಮಾಡಿ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಹೋಲಿಸಿ ನೋಡಿ. ಸಣ್ಣ ರೈತನಿಗೆ ಸಿಗುವುದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಅಲ್ಲಿಯ ಸಣ್ಣ ರೈತನೂ ನಮ್ಮವನ ಹಾಗೆ ಬೀಜದ ಕಂಪನಿಯ ಕೈಯಲ್ಲಿದ್ದಾನೆ. ಇಂಡಿಯಾನಾದ ಸೋಯಾ ರೈತನೊಬ್ಬ ಬೀಜದ ಕಂಪನಿ ಮಾನ್ಸಾಂಟೊ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದ. ಕಂಪನಿಯ ಪೇಟೆಂಟ್ ಇದ್ದ ತಳಿಯ ಕಾಳನ್ನು ಪೇಟೆಯಿಂದ ಕೊಂಡು ಬಿತ್ತಿ, ಅದರಿಂದ ಬೀಜ ಉಳಿಸಿಕೊಂಡಿದ್ದ, ಅಷ್ಟೇ. 2013ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಕಂಪನಿಯ ಪರ ಬರೆದರು. ನಮ್ಮಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮೊದಮೊದಲು 450 ಗ್ರಾಂ ಪ್ಯಾಕೆಟ್ಟಿಗೆ 1,600 ರೂಪಾಯಿಗೂ ಮೇಲಿತ್ತು, ಅದರಲ್ಲಿ ದೊಡ್ಡ ಪಾಲು ಮಾನ್ಸಾಂಟೊ ತಂತ್ರಜ್ಞಾನದ ಶುಲ್ಕ. ಕೇಂದ್ರ ಸರಕಾರ ಆ ಶುಲ್ಕವನ್ನು ಇಳಿಸುತ್ತ ಬಂದು 2020ರಲ್ಲಿ ಸೊನ್ನೆ ಮಾಡಿತು. ಕಂಪನಿಯನ್ನು ಬಗ್ಗಿಸಲು ಆಗುವುದೇ ಇಲ್ಲ ಅನ್ನುವವರಿಗೆ ನಾನು ಈ ಸೊನ್ನೆ ತೋರಿಸುತ್ತೇನೆ.

ಕಂಪನಿ ತಾನೇ ಬರೆದದ್ದನ್ನು ಓದಿ

ಅಮೆರಿಕದ ಶೇರುಪೇಟೆಯಲ್ಲಿರುವ ಕಂಪನಿ ವರ್ಷಕ್ಕೊಮ್ಮೆ ಟೆನ್-ಕೆ ಅನ್ನುವ ವರದಿ ಕೊಡಬೇಕು. ಎಡ್ಗರ್ ಅನ್ನುವ ಸರಕಾರಿ ತಾಣದಲ್ಲಿ ಸಿಗುತ್ತದೆ. ಮುನ್ನೂರು ಪುಟ ಕಂಡು ಹೆದರಬೇಡಿ. "ಅಪಾಯಗಳು" ಅನ್ನುವ ಭಾಗಕ್ಕೆ ನೇರ ಹೋಗಿ. ಜಾಹೀರಾತಿನಲ್ಲಿ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಕೂಲಿ ಏರಿದರೆ, ಸಂಘ ಕಟ್ಟಿದರೆ, ಏಕಸ್ವಾಮ್ಯದ ಕಾನೂನು ಬಿಗಿಯಾದರೆ ನಮಗೆ ತೊಂದರೆ ಅಂತ ಹೂಡಿಕೆದಾರರಿಗೆ ಮೊದಲೇ ಎಚ್ಚರಿಸುವುದು ಅವರಿಗೆ ಅನಿವಾರ್ಯ. ಇನ್ನೊಂದು ಕಾಗದ ಪ್ರಾಕ್ಸಿ ವರದಿ. ಅದರಲ್ಲಿ ಮುಖ್ಯಸ್ಥನ ಸಂಬಳ ನಡುವಿನ ನೌಕರನ, ಅಂದರೆ ಎಲ್ಲರ ಸಂಬಳ ಸಾಲಾಗಿ ಇಟ್ಟರೆ ಸರಿಯಾಗಿ ಮಧ್ಯ ಬರುವವನ, ಸಂಬಳದ ಎಷ್ಟು ಪಟ್ಟು ಅಂತ ಬರೆಯಬೇಕು. 2008ರ ಕುಸಿತದ ನಂತರ 2010ರಲ್ಲಿ ಬಂದ ಕಾನೂನಿನಿಂದ ಆದದ್ದು ಇದು. ವಾಲ್‌ಮಾರ್ಟಿನ 2025ರ ವರದಿಯಲ್ಲಿ ಅದು 900 ಪಟ್ಟಿಗೂ ಮೇಲಿತ್ತು. ನಡುವಿನ ನೌಕರನಿಗೆ ವರ್ಷಕ್ಕೆ 30,000 ಡಾಲರಿನೊಳಗೆ.

"30,000 ಡಾಲರಾ? ಇಪ್ಪತ್ತೈದು ಲಕ್ಷ! ಅದೇನು ಕಡಿಮಿ ಏನು ಮಾಮಾ?" ಅಂತ ಅಕ್ಕನ ಮಗ ಫೋನಿನಲ್ಲಿ ನಗುತ್ತಾನೆ. ಅವನು ಡಲ್ಲಾಸಿನಲ್ಲಿದ್ದಾನೆ. ಇಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಜಗತ್ತಿನ ಪೇಟೆಯಲ್ಲಿ ಮಾರುವ ಸರಕಿನ ಬೆಲೆಯನ್ನು ರೂಪಾಯಿಗೆ ಬದಲಿಸಬಹುದು. ಕೂಲಿಯನ್ನು ಬದಲಿಸಬೇಡಿ. ಕೂಲಿಯನ್ನು ಅಲ್ಲಿಯ ಮನೆ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯ ಫೆಡರಲ್ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. 2009ರ ಜುಲೈಯಿಂದ ಒಂದು ಸೆಂಟೂ ಏರಿಲ್ಲ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ತಾವಾಗಿ ಏರಿಸಿವೆ, ಟೆಕ್ಸಾಸ್ ಏರಿಸಿಲ್ಲ. "ನಿನ್ನ ಮನಿ ಬಾಡಿಗಿ ಎಷ್ಟು ಹೇಳು" ಅಂದೆ. ಹುಡುಗ ಮಾತು ಬದಲಿಸಿದ.

ಇನ್ನೊಂದು ಬದಿಯ ಪುಸ್ತಕ

ಬರೀ ಕಂಪನಿಯ ಪುಸ್ತಕ ಓದಿದರೆ ಎಲ್ಲ ಮುಗಿದೇ ಹೋಗಿದೆ ಅನ್ನಿಸುತ್ತದೆ. ದುಡಿಯುವವರ ಪುಸ್ತಕವನ್ನೂ ಬಿಚ್ಚಿ. ಅಲ್ಲಿ ಕಾರ್ಮಿಕ ಸಂಘ ಬೇಕೋ ಬೇಡವೋ ಅಂತ ಕೆಲಸದ ಜಾಗದಲ್ಲೇ ಮತದಾನ ನಡೆಯುತ್ತದೆ. ನಡೆಸುವುದು ಎನ್‌ಎಲ್‌ಆರ್‌ಬಿ ಅನ್ನುವ ಮಂಡಳಿ, ಅದರ ದಾಖಲೆಗಳೂ ತೆರೆದಿವೆ. 2021ರ ಡಿಸೆಂಬರಿನಲ್ಲಿ ಬಫಲೋ ಊರಿನ ಒಂದು ಸ್ಟಾರ್‌ಬಕ್ಸ್ ಅಂಗಡಿಯ ನೌಕರರು ಗೆದ್ದರು. 2022ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಅಮೆಜಾನ್ ಗೋದಾಮಿನಲ್ಲಿ ದೊಡ್ಡ ಸಂಘಟನೆಯ ಬೆನ್ನಿಲ್ಲದೆ ನೌಕರರೇ ಕಟ್ಟಿದ ಸಂಘ ಗೆದ್ದಿತು. 2023ರಲ್ಲಿ ಮೋಟಾರು ಕಾರ್ಮಿಕರು ಮೂರು ದೊಡ್ಡ ಕಾರು ಕಂಪನಿಗಳ ಮೇಲೂ ಒಟ್ಟಿಗೆ ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು. ಆದರೂ 2024ರ ಹೊತ್ತಿಗೆ ಸಂಘದಲ್ಲಿರುವವರು ನೂರಕ್ಕೆ ಹತ್ತೂ ಇಲ್ಲ. 1950ರ ದಶಕದಲ್ಲಿ ಮೂರರಲ್ಲಿ ಒಬ್ಬರು ಇದ್ದರು. ಗೆದ್ದ ಮೇಲೂ ಕಂಪನಿ ಒಪ್ಪಂದಕ್ಕೆ ಕೂರದೆ ವರ್ಷಗಟ್ಟಲೆ ಎಳೆಯಬಹುದು, ಕಾನೂನು ಅಷ್ಟು ಸಡಿಲ. ಹಮಾಲರ ಸಂಘದಲ್ಲಿದ್ದವರಿಗೆ ಇದು ಹೊಸದಲ್ಲ.

ಮನೆಯಲ್ಲಿ ಮಾತು ಬಂದಾಗ

2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂತು. ಧಾರವಾಡದಲ್ಲಿ ಎಷ್ಟೋ ಮನೆಯಲ್ಲಿ ಆ ರಾತ್ರಿ ನಿದ್ದೆ ಇರಲಿಲ್ಲ. ಇಂಥ ಹೊತ್ತಿನಲ್ಲಿ "ಹೋಗು ಅಂದವರ್ಯಾರು" ಅನ್ನುವ ಮಾತು ಬೇಡ. ಕಾಗದ ತೆಗೆಯಿರಿ. ಅಲ್ಲಿಯ ಕಾರ್ಮಿಕ ಇಲಾಖೆ ಪ್ರತಿ ಎಚ್-1ಬಿ ಕೆಲಸದ ಕಂಪನಿ, ಹುದ್ದೆ, ಊರು, ಕೊಡುವ ಸಂಬಳ, ಸಂಬಳದ ಮಟ್ಟ ಒಂದರಿಂದ ನಾಲ್ಕರವರೆಗೆ (ಒಂದು ಎಲ್ಲಕ್ಕಿಂತ ಕೆಳಗಿನದು) ಎಲ್ಲ ಬಹಿರಂಗ ಮಾಡುತ್ತದೆ. ನಿಮ್ಮ ಹುಡುಗನ ಕಂಪನಿ ಯಾವ ಮಟ್ಟದಲ್ಲಿ ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತದೆ ಅಂತ ಅವನ ಜೊತೆಗೇ ಕೂತು ನೋಡಿ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಅವನಿಗೆ ಸಿಗುವುದು ಗರಿಷ್ಠ 60 ದಿನ. ಅಷ್ಟು ಬಿಗಿಯಾಗಿ ಕಟ್ಟಿಹಾಕಿದ ಮನುಷ್ಯ ಸಂಬಳದ ಬಗ್ಗೆ ದನಿ ಎತ್ತುವುದು ಕಷ್ಟ. ಅದು ಕಂಪನಿಗೂ ಗೊತ್ತು. "ಭಾರತದವರು ನಮ್ಮ ಕೆಲಸ ಕಿತ್ತುಕೊಂಡರು" ಅನ್ನುವ ಅಲ್ಲಿಯ ಬಲದವರಿಗೂ, "ಟ್ರಂಪ್ ನಮ್ಮ ಮೇಲೆ ಸೇಡು ತೀರಿಸಿಕೊಂಡ" ಅನ್ನುವ ಇಲ್ಲಿಯವರಿಗೂ ಈ 60 ದಿನದ ಕಟ್ಟಳೆ ಕಾಣುವುದಿಲ್ಲ. ಅಕ್ಕನ ಮಗನ ಜೊತೆ ಇದನ್ನು ನೋಡಿದ ದಿನ ಅವನು ನಗಲಿಲ್ಲ. "ಇದು ಖರೇನ ಐತಿ ಮಾಮಾ, ಆದ್ರ ಆಫೀಸಿನ್ಯಾಗ ಯಾರೂ ಮಾತಾಡೂದಿಲ್ಲ" ಅಂದ.

ಶುರು ಮಾಡುವವರಿಗೆ ತಾರೀಖು ಹೇಳುತ್ತೇನೆ. ಲಾಬಿ ವರದಿಗಳ ಕೊನೆಯ ದಿನ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 20. ಮಾರನೆಯ ವಾರ ಕೂತುಕೊಳ್ಳಿ. ಮೊದಲ ಸಲ ಒಂದೇ ಹೆಸರು ಹಾಕಿ. ಹತ್ತಿಯವರಾದರೆ ನ್ಯಾಷನಲ್ ಕಾಟನ್ ಕೌನ್ಸಿಲ್ ಹಾಕಬಹುದು. ಮಸೂದೆ ನಂಬರ್ ಬರೆದುಕೊಳ್ಳಿ, ಮತ ಹಾಕಿದವರ ಪಟ್ಟಿ ತೆಗೆಯಿರಿ, ಕೃಷಿ ಸಮಿತಿಯವರ ಹೆಸರಿಗೆ ಗೆರೆ ಎಳೆಯಿರಿ, ಅವರ ದೇಣಿಗೆ ನೋಡಿ. ಇಂಗ್ಲಿಷ್ ತ್ರಾಸಾದರೆ ಮನೆಯ ಪಿಯುಸಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡಾಲರಿನ ಸೊನ್ನೆಗಳನ್ನು ಮಾತ್ರ ನೀವೇ ಎಣಿಸಿ. ಅವರ ಒಂದು ಮಿಲಿಯನ್ ನಮ್ಮ ಹತ್ತು ಲಕ್ಷ, ಒಂದು ಬಿಲಿಯನ್ ನೂರು ಕೋಟಿ.